ಒಂಬತ್ತನೇ ಪುಟದ ಗಣ

ಶ್ರೀಪಾಲ ಮಗದುಮ್ ಐನಾಪುರದ ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಗಣಿತ ಕಲಿಸುತ್ತಿದ್ದರು. ಅದರಲ್ಲಿ ಈಚಿನ ಹನ್ನೊಂದು ವರ್ಷ ಒಂದು ಪುಸ್ತಕ ಬರೆಯುವುದರಲ್ಲಿ ಕಳೆದಿದ್ದರು. ಸೊನ್ನೆ, ಒಂದು, ಎರಡು ಎಂಬ ಎಣಿಕೆಯನ್ನೆಲ್ಲ ‘ಗಣ’ ಎಂಬ ಒಂದೇ ಕಲ್ಪನೆಯ ಮೇಲೆ ಕಟ್ಟಿ, ಕನ್ನಡದಲ್ಲಿ ಓದುವ ಮಕ್ಕಳಿಗೆ ತಿಳಿಯುವ ಹಾಗೆ ಹೇಳಬೇಕೆಂಬುದು ಅವರ ಆಸೆ. ಇಡೀ ಪುಸ್ತಕ ನಿಂತದ್ದು ಒಂಬತ್ತನೇ ಪುಟದ ಒಂದು ವಾಕ್ಯದ ಮೇಲೆ: ‘ಯಾವುದೇ ಗುಣವನ್ನು ಹೇಳಿರಿ, ಆ ಗುಣವುಳ್ಳವೆಲ್ಲ ಸೇರಿ ಒಂದು ಗಣವಾಗುತ್ತದೆ.’

೨೦೦೮ರ ಆಗಸ್ಟಿನಲ್ಲಿ ಕೈಬರಹದ ಪ್ರತಿ ನಿಪ್ಪಾಣಿಯ ಒಂದು ಛಾಪಖಾನೆ ಸೇರಿತು. ಅಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುತ್ತಿದ್ದವಳು ನೀಲಮ. ತಾಯಿ ಅಕ್ಕುತಾಯಿ ಬೀಡಿ ಕಟ್ಟಿ ಮಗಳನ್ನು ಬಿ.ಎಸ್ಸಿ.ವರೆಗೆ ಓದಿಸಿದ್ದಳು. ಗಣಿತದ ಚಿಹ್ನೆಗಳನ್ನು ತಪ್ಪಿಲ್ಲದೆ ಕೂಡಿಸುವವರು ಆ ಊರಲ್ಲಿ ಅವಳೊಬ್ಬಳೇ ಎಂದು ಶ್ರೀಪಾಲ ಎರಡು ಬಸ್ಸು ಬದಲಿಸಿ ಅಷ್ಟು ದೂರ ಹೋಗುತ್ತಿದ್ದರು.

ಮೊದಲ ಕರಡು ನೋಡಲು ಹೋದ ದಿನ ಅವಳು ಹಾಳೆಗಳನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಸರ್, ಒಂಬತ್ತನೇ ಪುಟದ ಕೆಳಗ ಒಂದ್ ಪ್ರಶ್ನಿಗೆ ಜಾಗಾ ಉಳದಿತ್ರಿ. ನಾನ ಒಂದ್ ಮಾಡಿ ಹಾಕೀನಿ. ತಪ್ಪ ತಿಳ್ಕೋಬ್ಯಾಡ್ರಿ.”

“ಹೇಳ ತಂಗಿ.”

“ನೀವ ಬರದೀರಿ, ಎತ್ತುಗಳ ಗಣ ಎತ್ತಲ್ಲ, ಅದಕ್ಕ ಅದು ತನ್ನೊಳಗ ತಾನಿಲ್ಲ. ಎತ್ತಲ್ಲದವುಗಳ ಗಣಾನೂ ಎತ್ತಲ್ಲ, ಅದಕ್ಕ ಅದು ತನ್ನೊಳಗ ತಾನ ಐತಿ. ಈಗ ತನ್ನೊಳಗ ತಾನಿಲ್ಲದ ಗಣ ಅಷ್ಟೂ ಕೂಡಿಸಿ ಒಂದ್ ಗಣ ಮಾಡೂದ್ರಿ. ಆ ಹೊಸಾ ಗಣ ತನ್ನೊಳಗ ತಾನ ಐತೋ, ಇಲ್ಲೋ? ಉತ್ತರ ಏನಂತ ಬರೀಲಿ?”

“ಇಲ್ಲ ಅಂತ ಬರಿ.”

“ಇಲ್ಲ ಅಂದ್ರ ಅದೂ ತನ್ನೊಳಗ ತಾನಿಲ್ಲದ ಗಣ ಆತಲ್ರಿ. ಅಂಥಾವೆಲ್ಲಾ ಅದರಾಗ ಇರಬೇಕು. ಅಂದ್ರ ಅದು ಐತಿ.”

“ಹಂಗಾರ ಐತಿ ಅಂತ ಬರಿ.”

“ಐತಿ ಅಂದ್ರ, ಅದರಾಗ ಇರೂವೆಲ್ಲಾ ತಮ್ಮೊಳಗ ತಾವಿಲ್ಲದವು. ಅಂದ್ರ ಅದು ಇಲ್ಲ. ಮೂರ್ ದಿನ ಆತ್ರಿ, ಉತ್ತರದ ಜಾಗಾ ಖಾಲಿ ಬಿಟ್ಟೀನಿ.”

ಶ್ರೀಪಾಲ ನಕ್ಕು ಪೆನ್ನು ತೆಗೆದರು. ಹಾಳೆಯ ಅಂಚಿನಲ್ಲಿ ನಾಲ್ಕು ಸಾಲು ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ನಗು ಯಾವಾಗ ನಿಂತಿತೋ ಅವರಿಗೇ ತಿಳಿಯಲಿಲ್ಲ. ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ‘ತನ್ನೊಳಗೆ ತಾನಿಲ್ಲದಿರುವುದು’ ಒಂದು ಗುಣ. ಅವರ ವಾಕ್ಯದ ಪ್ರಕಾರ ಅದಕ್ಕೂ ಒಂದು ಗಣ ಇರಲೇಬೇಕು. ಆದರೆ ಅಂಥ ಗಣ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಆ ವಾಕ್ಯವೇ ಸುಳ್ಳು. ಅದರ ಮೇಲೆ ಕಟ್ಟಿದ ಇನ್ನೂರ ಹತ್ತು ಪುಟ?

“ಛಪಾಯಿ ನಿಲ್ಲಸ್ರಿ ಅಂತ ಮಾಲಕರಿಗೆ ಹೇಳು,” ಎಂದಷ್ಟೇ ಹೇಳಿ ಎದ್ದರು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಕೊಡೆಯನ್ನು ಮೊದಲಿನ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದರು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹೆಂಡತಿ ಮಂಗಲ ತಾಟು ಹಾಕಿ ಎರಡು ಸಲ ಕರೆದರು. “ಹೊತ್ತ ಮುಳಗಾಕತ್ತೈತ್ರಿ, ಉಣ್ಣಾಕ ಬರ್ರಿ.” ಅವರು ಪಡಸಾಲೆಯಲ್ಲಿ ಕುಳಿತೇ ಇದ್ದರು. ಕತ್ತಲಾಯಿತು. ಹೊತ್ತು ಮುಳುಗಿದ ಮೇಲೆ ಆ ಜೈನ ಮನೆಯಲ್ಲಿ ಊಟವಿಲ್ಲ. ಮಂಗಲ ತಾಟು ಎತ್ತಿಟ್ಟು, ತಾವೂ ಉಣ್ಣದೆ ಪಕ್ಕದಲ್ಲಿ ಬಂದು ಕುಳಿತರು.

“ಏನಾತ್ರಿ?”

“ಇಷ್ಟ್ ವರ್ಷ ಹುಡುಗರಿಗೆ ಸುಳ್ಳ ಹೇಳೀನಿ ಮಂಗಲ.”

ಮರುದಿನ ಅಥಣಿಗೆ ಹೋದರು. ಬಿ.ಎಸ್ಸಿ.ಯಲ್ಲಿ ಅವರಿಗೆ ಕಲಿಸಿದ ಕಾಡಸಿದ್ದ ಸರ್ ನಿವೃತ್ತರಾಗಿ ಅಲ್ಲಿದ್ದರು. ವಯಸ್ಸು ಎಂಬತ್ತರ ಹತ್ತಿರ. ಪ್ರಶ್ನೆಯನ್ನು ಕೇಳಿ ಅವರು ಬೆರಗಾಗಲಿಲ್ಲ.

“ಇದು ಹಳೇದು, ಶ್ರೀಪಾಲ. ನೂರ ಆರು ವರ್ಷದ ಹಿಂದ ಜರ್ಮನ್ಯಾಗ ಒಬ್ಬರಿಗೆ ಹಿಂಗ ಆಗಿತ್ತು. ಪುಸ್ತಕ ಛಾಪಖಾನ್ಯಾಗ ಇದ್ದಾಗ ಇದ ಪ್ರಶ್ನಿ ಪತ್ರದಾಗ ಬಂತು.”

ಶ್ರೀಪಾಲರಿಗೆ ನಿನ್ನೆಗಿಂತ ದೊಡ್ಡ ಪೆಟ್ಟು ಬಿದ್ದದ್ದು ಆಗ. “ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ನಮಗ್ಯಾಕ ಹೇಳಲಿಲ್ರಿ?”

“ಪಠ್ಯದಾಗ ಇರಲಿಲ್ಲ. ನೀವು ಯಾರೂ ಕೇಳಲಿಲ್ಲ.”

ಆಮೇಲೆ ಅವರೇ ಕಾಗದ ತೆಗೆದು ದಾರಿ ತೋರಿಸಿದರು. ಯಾವ ಗುಣದಿಂದಲಾದರೂ ಗಣಗಳ ಒಂದು ಕೂಟ ಕಟ್ಟಬಹುದು. ಆದರೆ ಕೆಲವು ಕೂಟಗಳು ಇನ್ನೊಂದರೊಳಗೆ ಸದಸ್ಯರಾಗಿ ಸೇರಲಾರವು. ಸೇರಬಲ್ಲಂಥವು ಮಾತ್ರ ಗಣ. ನೀಲಮ ಕಟ್ಟಿದ್ದು ಕೂಟವೇ ಹೊರತು ಗಣವಲ್ಲ. ಅದು ಯಾವುದರೊಳಗೂ ಹೋಗಲಾರದು, ತನ್ನೊಳಗೂ. ಹಾಗಾಗಿ ಅಲ್ಲಿ ಜಗಳ ಹುಟ್ಟುವುದಿಲ್ಲ.

ಸೋಮವಾರ ಶ್ರೀಪಾಲ ತರಗತಿಯಲ್ಲಿ ನಿಂತು, ಜೂನಿನಲ್ಲಿ ತಾವು ಬರೆಸಿದ ಗಣದ ವ್ಯಾಖ್ಯೆ ತಪ್ಪು ಎಂದು ಹೇಳಿದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಕಾಜಲ ಎದ್ದು ಕೇಳಿದಳು, “ಹಂಗಾರ ಪರೀಕ್ಷಾದಾಗ ಏನ್ ಬರೀಬೇಕ್ರಿ ಸರ್?” ಪರೀಕ್ಷೆಗೆ ಬೇಕಾದದ್ದು ಆ ತಪ್ಪು ವ್ಯಾಖ್ಯೆಯೇ. ಅದನ್ನೂ ಅವರು ಬಾಯಿಬಿಟ್ಟು ಹೇಳಬೇಕಾಯಿತು.

ಮೊದಲ ನಾಲ್ಕು ಅಧ್ಯಾಯ ಹೊಸದಾಗಿ ಬರೆಯಲು ಏಳು ತಿಂಗಳು ಬೇಕಾಯಿತು. ಮಾರ್ಚಿನಲ್ಲಿ ಮತ್ತೆ ನಿಪ್ಪಾಣಿಗೆ ಹೋದರು. ಮುನ್ನುಡಿಯಲ್ಲಿ ತನ್ನ ಹೆಸರು ಕಂಡ ನೀಲಮ ಪುಟಗಳನ್ನು ನಿಧಾನವಾಗಿ ಓದಿ ಮುಗಿಸಿ ಕೇಳಿದಳು:

“ಇದರಾಗ ಇನ್ನೊಂದ್ ಇಂಥಾದ್ದ ಹುಟ್ಟೂದಿಲ್ಲ ಅಂತ ಹೆಂಗ ಗೊತ್ರಿ?”

ಅದನ್ನೇ ಅವರು ಅಥಣಿಯಲ್ಲಿ ಕೇಳಿಬಂದಿದ್ದರು. “ಗೊತ್ತಿಲ್ಲ ತಂಗಿ. ಇಷ್ಟ ದಿನ ಯಾರಿಗೂ ಸಿಕ್ಕಿಲ್ಲ. ಆದ್ರ ಹುಟ್ಟೂದ ಇಲ್ಲ ಅಂತ ಇದರೊಳಗ ನಿಂತು ಸಾಧಿಸಾಕ ಬರಂಗಿಲ್ಲಂತ. ಅದನ್ನೂ ಒಬ್ಬರು ಸಾಧಿಸಿ ತೋರ್ಸ್ಯಾರ.”

ನೀಲಮ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟಳು.

“ಖರೇನ್ರಿ?”

“ಖರೆ.”

“ಹಂಗಾರ ಅದನ್ನೂ ಹಾಕೂಣ್ರಿ ಸರ್,” ಎಂದು ಅವಳು ಹೊಸ ಪುಟ ತೆರೆದಳು. “ಹೇಳ್ರಿ, ನಾ ಬರಕೋತೀನಿ.”