ಗಥೋಗೊನ ಅಮ್ಮ

ಮುಗುರೆ ಮತ್ತು ಅವಳ ಗಂಡ ಕಿರಾಗು ಕೂತಲ್ಲಿ ಕೂರುವ ಜನವಲ್ಲ. ನೈರೋಬಿಯ ಅವರ ಚಾರಣದ ಗುಂಪಿನಲ್ಲಿ ಹೊಸದಾಗಿ ಮದುವೆಯಾದವರಿಗೆಲ್ಲ ಅವರನ್ನೇ ತೋರಿಸುತ್ತಿದ್ದರು. "ನೋಡ್ರಪ್ಪ, ಹೆಣ್ಣುಮಕ್ಕಳು ಕಾಲೇಜಿಗೆ ಹೋಗೋಷ್ಟು ದೊಡ್ಡೋರಾದ್ರೂ ಇವರಿಬ್ಬರು ಒಂದೇ ಹಗ್ಗ ಹಿಡ್ಕೊಂಡು ಬೆಟ್ಟ ಹತ್ತುತ್ತಾರೆ!" ಹತ್ತುವಾಗ ಹಗ್ಗ ಹಿಡಿದವರು ಇಳಿದ ಮೇಲೆ ಏನು ಹಿಡಿಯುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಜನರಿಗೆ ಫೋಟೋ ಸಾಕು.

ಈ ವರ್ಷ ಬೆಟ್ಟ ಬಿಟ್ಟು ಸಮುದ್ರಕ್ಕೆ ಬಂದಿದ್ದರು. ಲಾಮುವಿನಿಂದ ಹಾಯಿದೋಣಿ, ಮಾಂಡಾ, ಪಾಟೆ ದ್ವೀಪಗಳು, ಕೊನೆಗೆ ಕಿವಾಯು ದ್ವೀಪ. ನಡುವೆ ಹವಳದ ದಿಬ್ಬಗಳ ಮೇಲೆ ಈಜು, ಮರಳುಗುಡ್ಡದ ಮೇಲೆ ಓಟ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ಕಯಾಕ್. ಆದರೆ ಮುಗುರೆ ಬಂದದ್ದು ಈಜುವುದಕ್ಕಲ್ಲ. ಅವಳಿಗೆ ಗಂಡನ ಹತ್ತಿರ ಒಂದು ಮಾತು ಹೇಳುವುದಿತ್ತು. ಕಿವಾಯು ಬರಲಿ, ಅಲ್ಲಿ ಹೇಳುತ್ತೇನೆ ಎಂದಷ್ಟೇ ಅವನಿಗೆ ತಿಳಿಸಿ, ಅದನ್ನು ಸೆರಗಿನ ಗಂಟಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಮಾತು ಒಂದು ಹೆಸರಿನದು. ಹಿರಿಮಗಳು ನ್ಯಾಗುಥಿಗೆ ಕಿರಾಗುವಿನ ತಾಯಿಯ ಹೆಸರು, ಕಿರಿಯವಳು ವಮುಯುಗೆ ಮುಗುರೆಯ ತಾಯಿಯ ಹೆಸರು. ಗಂಡು ಹುಟ್ಟಿದ್ದರೆ ಕಿರಾಗುವಿನ ತಂದೆಯ ಹೆಸರು, ಗಥೋಗೊ. ನಮ್ಮ ಗಿಕುಯು ಮನೆಗಳಲ್ಲಿ ಇದು ಯಾರೂ ಕೂತು ಚರ್ಚಿಸುವ ವಿಷಯವಲ್ಲ. ಹೆಸರಿಟ್ಟರೆ ಹಿರಿಯ ಮರಳಿ ಬಂದ ಹಾಗೆ, ಇಡದಿದ್ದರೆ ಅವನು ಬಾಗಿಲಲ್ಲೇ ನಿಂತ ಹಾಗೆ. ಆ ಗಂಡುಮಗು ಒಮ್ಮೆ ಬಂದಿತ್ತು. ಏಳು ತಿಂಗಳಿಗೇ ಬಂದು, ಅಳದೆಯೇ ಹೋಯಿತು. ಆಮೇಲೆ ಅವಳ ಬಸಿರು ನಿಲ್ಲಲಿಲ್ಲ.

ಮಾವ ಪ್ರತಿ ಹಬ್ಬಕ್ಕೂ ನಗುತ್ತಲೇ ಕೇಳುತ್ತಿದ್ದ: "ನಾನು ಯಾವಾಗ ಬರ್ಲಿ, ಮಗಳೇ?" ಮುಗುರೆಯೂ ನಗುತ್ತಿದ್ದಳು. ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾವಾಗಲೋ ಒಂದು ದಿನ ಮುದುಕ ಕೇಳುವುದನ್ನು ಬಿಟ್ಟ. ಪಾಪ, ಆಸೆ ಬಿಟ್ಟ ಎಂದುಕೊಂಡಳು. ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ಹೆತ್ತ ಹೆಣ್ಣುಮಕ್ಕಳು ಆಗಾಗ ಬಂದು ಹಣೆ ಮುಟ್ಟಿ ಹೋದರು. ರಜೆ ಹಾಕಿ ನ್ಯೇರಿಯ ಮಾವನ ಮನೆಯಲ್ಲಿ ಕೂತು ಅಂಬಲಿ ಕುಡಿಸಿದವಳು, ಉಗುರು ಕತ್ತರಿಸಿದವಳು, ಮೈ ಒರೆಸಿದವಳು ಸೊಸೆಯೇ. ಕೊನೆಗಾಲದಲ್ಲಿ ಅವನ ಕೈ ಹಿಡಿದು ಹೇಳಿದಳು: "ಅಪ್ಪಾ, ನಿಮ್ಮನ್ನ ಬಾಗಿಲಲ್ಲಿ ನಿಲ್ಲಿಸಲ್ಲ. ಹೇಗಾದ್ರೂ ಮಾಡಿ ಒಳಗೆ ಕರ್ಕೋತೀನಿ."

ಮುದುಕ ಅವಳ ಕೈ ತಟ್ಟಿದ. "ಚಿಂತೆ ಮಾಡ್ಬೇಡ, ಮಗಳೇ. ನಾನು ಬಂದಾಯ್ತು."

ಪಕ್ಕದಲ್ಲಿದ್ದ ಅತ್ತೆ, ಒಲೆ ಮೇಲೆ ಏನೋ ಸೀಯುತ್ತಿದೆ ಎಂದು ದಡಬಡಿಸಿ ಎದ್ದು ಹೋದಳು. ಜ್ವರ ನೆತ್ತಿಗೇರಿದೆ, ಏನೇನೋ ಬಡಬಡಿಸುತ್ತಿದ್ದಾನೆ ಎಂದುಕೊಂಡಳು ಮುಗುರೆ.

ಕೊಟ್ಟ ಮಾತು ಕೊಟ್ಟದ್ದೇ. ಮಣ್ಣು ಮುಗಿಸಿ ಬಂದವಳೇ ನೈರೋಬಿಯಲ್ಲಿ ವೈದ್ಯೆಯನ್ನು ಕಂಡಳು. ವಯಸ್ಸು ನಲವತ್ತು ದಾಟಿದೆ, ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ, ಆದರೆ ತಡ ಮಾಡಬೇಡಿ ಎಂದಳು ವೈದ್ಯೆ. ಬೆಳಗಿನ ಓಟ ಹೆಚ್ಚಿತು, ಸಕ್ಕರೆ ಬಿಟ್ಟಳು. ಮ್ಯಾರಥಾನಿಗೆ ತಯಾರಿ ನಡೆದಿದೆ ಎಂದು ಕಿರಾಗು ಗುಂಪಿನವರ ಮುಂದೆ ಜಂಬ ಕೊಚ್ಚಿಕೊಂಡ. ಈಗ ಮಾತ್ರೆಗಳೂ ಶುರುವಾಗಿದ್ದವು. ಏನದು ಎಂದು ಅವನು ಕೇಳಿದ್ದಕ್ಕೆ, ಸಮುದ್ರದ ಮೇಲೆ ವಾಂತಿ ಆಗದಿರಲಿ ಅಂತ ಎಂದಿದ್ದಳು.

ವಾಂತಿಯಾದದ್ದು ಅವನಿಗೆ. ಮೊದಲ ದಿನವೇ ದೋಣಿಯ ಅಂಚಿಗೆ ಜೋತುಬಿದ್ದ. ಚುಕ್ಕಾಣಿ ಹಿಡಿದಿದ್ದ ತಾಂಡೇಲ ಲಾಲಿಗೆ ನಗು ತಡೆಯಲಾಗಲಿಲ್ಲ.

"ಮೇಲುಸೀಮೆಯೋರು ಸಮುದ್ರಕ್ಕೆ ಬಂದ್ರೆ ಇಷ್ಟೇ. ಮೊದ್ಲು ಮೀನಿಗೆ ಊಟ ಹಾಕ್ತಾರೆ, ಆಮೇಲೆ ಊಟಕ್ಕೆ ಮೀನು ಕೇಳ್ತಾರೆ."

"ನಾನು ಕಿರಿನ್ಯಾಗ ಬೆಟ್ಟ ಹತ್ತಿದೋನು ಕಣಯ್ಯಾ," ಎಂದ ಕಿರಾಗು, ಬಾಯಿ ಒರೆಸಿಕೊಳ್ಳುತ್ತಾ.

"ಬೆಟ್ಟ ಅಲ್ಲಾಡಲ್ಲ, ಬಾಬಾ. ಅದರ ಮೇಲೆ ಮೇಕೆನೂ ನಿಲ್ಲುತ್ತೆ."

ಲಾಲಿ ಬಿಡುವಾದಾಗ ಮರದ ಆಟದ ದೋಣಿಗಳನ್ನು ಕೆತ್ತುತ್ತಿದ್ದ. ತನಗೂ ಒಂದು ಬೇಕು ಎಂದು ಕಿರಾಗು ಹೇಳಿದ. ಎರಡನೇ ದಿನ ಮುಗುರೆ ಹೋಗಿ ನೋಡಿದರೆ, ಅಂಗೈಗಿಂತ ಸ್ವಲ್ಪ ದೊಡ್ಡ ಆ ದೋಣಿಯ ಮೂತಿಯ ಮೇಲೆ ಉಳಿಯ ತುದಿಯಲ್ಲಿ ಹೆಸರು ಮೂಡುತ್ತಿತ್ತು: ಗಥೋಗೊ.

ಅವಳು ತಿರುಗಿ ನೋಡಿದಳು. ಕಿರಾಗು ಒಂದು ಗಳಿಗೆ ತಡವರಿಸಿದ. "ಅಪ್ಪ ಜೀವಮಾನದಲ್ಲಿ ಸಮುದ್ರ ನೋಡ್ಲಿಲ್ಲ. ಅವನ ಹೆಸರಾದ್ರೂ ನೀರಿಗಿಳೀಲಿ ಅಂತ."

ಮುಗುರೆ ಎಲ್ಲರೆದುರೇ ಅವನನ್ನು ತಬ್ಬಿಕೊಂಡು ಅತ್ತಳು. ಅವನೂ ಅದೇ ಹೆಸರನ್ನು ಎದೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಾನೆ ಎಂದುಕೊಂಡಳು. ಇನ್ನು ಹೇಳುವುದಕ್ಕೆ ಹೆದರಿಕೆಯೇ ಇಲ್ಲ.

ಕಿವಾಯುವಿನ ಬೆಳಗು. ಕಾಂಡ್ಲಾ ಕಾಡಿನ ಕಾಲುವೆಯೊಳಗೆ ಹೋಗಿ ಬರಲು ಇಬ್ಬರೂ ಕಯಾಕಿನಲ್ಲಿ ಕೂತರು, ಮುಂದೆ ಮುಗುರೆ, ಹಿಂದೆ ಕಿರಾಗು. ಲಾಲಿ ಹಾಯಿದೋಣಿಯ ಅಂಚಿನಿಂದ ಬಗ್ಗಿದ.

"ನೀರಿಳಿಯೋಕೆ ಮುಂಚೆ ತಿರುಗಿಬಿಡಿ. ಇಲ್ದಿದ್ರೆ ಕೆಸರಲ್ಲಿ ಏಡಿಗಳ ಜೊತೆ ಸಂಸಾರ ಮಾಡ್ಬೇಕಾಗುತ್ತೆ. ಹಾಂ, ಗಥೋಗೊನ ಅಮ್ಮಾ! ಆಟದ ದೋಣಿಯ ಕಂಬದ ತುದಿ ಮೊಂಡ ಮಾಡಿದೀನಿ. ಮಗಂಗೆ ಈಗಿನ್ನೂ ಮೂರು ವರ್ಷ ಅಂದ್ರು ಯಜಮಾನ್ರು. ಕಣ್ಣಿಗೆ ಚುಚ್ಕೊಂಡ್ರೆ ಕಷ್ಟ."

ಗಥೋಗೊನ ಅಮ್ಮ. ಆ ಮಾತು ಕಿವಿಗೆ ಬಿದ್ದ ಕೂಡಲೇ ಮುಗುರೆಗೆ ಆದದ್ದು ಸಂತೋಷ. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ. ಇಷ್ಟು ವರ್ಷ ಯಾರಾದರೂ ಹಾಗೆ ಕರೆಯಲಿ ಎಂದು ಕಾದಿದ್ದ ಹೆಸರು ಅದು, ಬಿಸಿ ಹಾಲಿನಂತೆ ಒಳಗಿಳಿಯಿತು. ಅರ್ಥ ಆಮೇಲೆ ಬಂತು.

ತಿರುಗಿ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಿರಾಗು ಲೈಫ್ ಜಾಕೆಟ್ಟಿನ ಬಕಲನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದ. "ಹೊರಡೋಣ, ನೀರಿಳಿಯುತ್ತೆ," ಎಂದು ಹುಟ್ಟು ಹಾಕಿದ.

ಮಗ ಹುಟ್ಟಿದ ಸಂತೋಷ ಕೆಮ್ಮಿನಂಥದು, ಎಷ್ಟು ದಿನ ಅದುಮಿಡಲಾದೀತು? ತನ್ನವರು ಯಾರೂ ಇಲ್ಲದ ಕಡೆ, ಪರಿಚಯವಿಲ್ಲದ ತಾಂಡೇಲನ ಮುಂದೆ ಅವನು ಒಮ್ಮೆ ಮನಸಾರೆ ಕೆಮ್ಮಿಬಿಟ್ಟಿದ್ದ. ಲಾಲಿಯದೇನು ತಪ್ಪು? ಮಗನಿದ್ದಾನೆಂದು ಗೊತ್ತಾದ ಮೇಲೆ ಮರ್ಯಾದಸ್ಥ ಮನುಷ್ಯ ಹೆಂಗಸನ್ನು ಮಗನ ಹೆಸರು ಹಿಡಿದಲ್ಲದೆ ಬೇರೆ ಹೇಗೆ ಕರೆಯುತ್ತಾನೆ?

ಕಾಲುವೆ ಕಿರಿದಾಯಿತು. ಎರಡೂ ಕಡೆ ಬೇರುಗಳು ನೀರಿನಿಂದ ಮೇಲೆದ್ದು ನಿಂತಿದ್ದವು. ಮುಗುರೆ ತಿರುಗದೆಯೇ ಕೇಳಿದಳು: "ಗಥೋಗೊ ಯಾರು?"

"ಲಾಲಿಗೇನೋ ತಪ್ಪು ತಿಳುವಳಿಕೆ. ನಾನು ಅಪ್ಪನ ವಿಷಯ..."

"ಗಥೋಗೊ ಯಾರು ಅಂತ ಕೇಳ್ದೆ."

ಹಿಂದಿನ ಹುಟ್ಟು ನಿಂತಿತು. "ನನ್ನ ಮಗ."

ಬೆಟ್ಟವಾಗಿದ್ದರೆ ಎದ್ದು ಇಳಿದು ಹೋಗಬಹುದಿತ್ತು. ಮನೆಯಾಗಿದ್ದರೆ ಪಾತ್ರೆ ಎತ್ತಿ ಎಸೆಯಬಹುದಿತ್ತು. ಇಲ್ಲಿ ಸೊಂಟದಷ್ಟೇ ಅಗಲದ ಪ್ಲಾಸ್ಟಿಕ್ ದೋಣಿಯಲ್ಲಿ ಅವನಿಗೆ ಬೆನ್ನು ಕೊಟ್ಟು ಕೂತಿದ್ದಳು.

"ಎಲ್ಲಿದಾನೆ?"

"ಕರಾಟಿನಾದಲ್ಲಿ. ಅವನ ತಾಯಿ ಅಲ್ಲಿ ಸ್ಕೂಲಲ್ಲಿ..."

"ಅವಳ ಸುದ್ದಿ ನಾನು ಕೇಳ್ಲಿಲ್ಲ. ನಿಮ್ಮಪ್ಪಂಗೆ ಗೊತ್ತಿತ್ತಾ?"

"ಅಪ್ಪನ ತೊಡೆ ಮೇಲೇ ಹೆಸರಿಟ್ವಿ. ಅವತ್ತು ಅವನು ಚಿಕ್ಕ ಹುಡುಗನ ಹಾಗೆ ಅತ್ಬಿಟ್ಟ, ಮುಗುರೆ."

"ನಿಮ್ಮಮ್ಮಂಗೆ?"

"ಗೊತ್ತು."

"ನಿನ್ನ ತಂಗೀರಿಗೆ?"

"ನಿನ್ನ ಮನಸ್ಸು ನೋಯಬಾರ್ದು ಅಂತಾನೇ ಎಲ್ರೂ..."

ಮುದುಕ ಬಡಬಡಿಸಿರಲಿಲ್ಲ. ಒಲೆಯ ಮೇಲೆ ಏನೂ ಸೀದಿರಲಿಲ್ಲ. ಅವಳು ಚಮಚದಲ್ಲಿ ಅಂಬಲಿ ಕುಡಿಸುತ್ತಿದ್ದಾಗ ಆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಇನ್ನೊಂದು ಬಟ್ಟಲು ತಂದುಕೊಟ್ಟರು. ಗಂಡನ ಮೇಲೆ ಬಂದ ಸಿಟ್ಟು ಸಿಟ್ಟೇ ಅಲ್ಲ. ಗಂಡಸರು ಇಂಥದ್ದು ಮಾಡುತ್ತಾರೆ, ಹೆಂಗಸರು ಜಗಳವಾಡುತ್ತಾರೆ, ಅದಕ್ಕೊಂದು ದಾರಿಯಿದೆ. ಮಗಳೇ ಎಂದು ಕೈ ತಟ್ಟಿ ಮಣ್ಣಿನೊಳಗೆ ಹೋಗಿ ಮಲಗಿದವನ ಹತ್ತಿರ ಎಲ್ಲಿ ಹೋಗಿ ಜಗಳವಾಡುವುದು?

ಬೆನ್ನು ಮಾತಾಡದಿದ್ದಾಗ ಕಿರಾಗುವಿಗೆ ಧೈರ್ಯ ಬಂತು. ಅವನ ಧ್ವನಿ ಮೆತ್ತಗಾಯಿತು. "ನಮ್ಮ ಪದ್ಧತೀಲಿ ಇಲ್ಲದ್ದೇನೂ ಅಲ್ವಲ್ಲ. ಅಜ್ಜನ ಹೆಸರು ಪ್ರತಿ ಮನೆಗೂ ಬರುತ್ತೆ. ನಾಳೆ ನಿಂಗೆ ಗಂಡಾದ್ರೂ ಅವನೂ ಗಥೋಗೊನೇ. ನಿನ್ನ ಮನೆಗೂ ಹಕ್ಕಿದೆ."

ನಿನ್ನ ಮನೆ. ನೈರೋಬಿಯಲ್ಲಿ ಬೀಗ ಹಾಕಿ ಹೊರಡುವಾಗ ಅದು ನಮ್ಮ ಮನೆಯಾಗಿತ್ತು.

"ಏನೋ ಹೇಳ್ಬೇಕು ಅಂತಿದ್ಯಲ್ಲ," ಎಂದ ಅವನು.

"ಏನಿಲ್ಲ. ಹೊತ್ತು ಮೀರ್ತು."

ಹೊತ್ತು ಮೀರಿಯೇ ಇತ್ತು. ತಿರುಗುವಷ್ಟರಲ್ಲಿ ನೀರು ಇಳಿದು ಕಯಾಕಿನ ಹೊಟ್ಟೆ ಕೆಸರಿಗೆ ಕೂತಿತು. ಇಬ್ಬರೂ ಇಳಿದರು. ಮೊಣಕಾಲವರೆಗೆ ಕಪ್ಪು ಕೆಸರು. ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು. ಬೆಟ್ಟದಲ್ಲಿ ಕೂಗುವ ಹಾಗೆಯೇ ಅವನು "ಹಾಂ, ಎಳಿ!" ಎಂದ, ಅವಳ ತೋಳುಗಳು ಎಳೆದವು. ಮತ್ತೆ ಕೂಗಿದ, ಮತ್ತೆ ಎಳೆದವು. ಮನಸ್ಸು ಹರಿದುಹೋಗಿದ್ದರೂ ತೋಳುಗಳಿಗೆ ಸುದ್ದಿ ಮುಟ್ಟಿರಲಿಲ್ಲ. ದೂರದಿಂದ ನೋಡಿದ್ದರೆ ಯಾರಾದರೂ ಎಂಥ ಜೋಡಿ ಎನ್ನುತ್ತಿದ್ದರು. ಅವಳಿಗೆ ತನ್ನ ತೋಳುಗಳ ಮೇಲೇ ಅಸಹ್ಯವಾಯಿತು.

ಹಾಯಿದೋಣಿ ಮುಟ್ಟಿದಾಗ ಲಾಲಿ ಕೈ ಚಾಚಿ ಅವಳನ್ನು ಮೇಲೆಳೆದುಕೊಂಡ. ಎಣ್ಣೆ ಹಚ್ಚಿ ಒರೆಸಿದ ಆಟದ ದೋಣಿಯನ್ನು ಎರಡೂ ಕೈಯಲ್ಲಿ ಕೊಟ್ಟ.

"ತಗೊಳ್ಳಿ, ಗಥೋಗೊನ ಅಮ್ಮಾ. ದೇವರ ಹೆಸರು ಹೇಳಿ ನೀರಿಗೆ ಬಿಡ್ಬೇಕು ಅಂತ ಮಗಂಗೆ ಕಲಿಸಿ."

ದೋಣಿ ಚೆನ್ನಾಗಿತ್ತು. ಕಂಬದ ತುದಿಯನ್ನು ಹೆಬ್ಬೆರಳಿಂದ ಸವರಿದಳು, ಎಲ್ಲೂ ಚುಚ್ಚಲಿಲ್ಲ.

"ತಾಂಡೇಲರೇ, ನಾನು ನ್ಯಾಗುಥಿಯ ಅಮ್ಮ," ಎಂದಳು. "ಗಥೋಗೊನ ಅಮ್ಮ ಕರಾಟಿನಾದಲ್ಲಿದಾಳೆ." ದೋಣಿಯನ್ನು ಕಿರಾಗುವಿನ ಕೆಸರು ಕೈಗಳಲ್ಲಿ ಇಟ್ಟಳು. ಲಾಲಿ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿ, ಹಗ್ಗ ಬಿಚ್ಚಬೇಕು ಎಂದು ಗೊಣಗುತ್ತಾ ಹೋದ. ಆಮೇಲೆ ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಅಡುಗೆಯವನು ತೆಂಗಿನಹಾಲಿನ ಅನ್ನ ಬಡಿಸಿದ, ಇಬ್ಬರೂ ಮುಟ್ಟಲಿಲ್ಲ. ಕಿರಾಗು ಮತ್ತೆ ಅಂಚಿಗೆ ಜೋತುಬಿದ್ದ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಎಷ್ಟು ಗಟ್ಟಿ ಮೈಯ ಮನುಷ್ಯ! ಕೊನೆಗೆ ಅವಳತ್ತ ಕೈ ಚಾಚಿದ.

"ಮುಗುರೆ, ನಿನ್ನ ಆ ವಾಂತಿ ಮಾತ್ರೆ ಒಂದು ಕೊಡು. ಸತ್ತೇಹೋಗ್ತೀನಿ."

ಅವಳು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದಳು. "ಇದು ವಾಂತಿದಲ್ಲ."

"ಮತ್ತೆ?"

"ಬಸಿರು ನಿಲ್ಲೋಕೆ. ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ, ಬಾಗಿಲಲ್ಲಿ ನಿಲ್ಲಿಸಲ್ಲ ಅಂತ. ಇದನ್ನೇ ಇವತ್ತು ನಿಂಗೆ ಹೇಳ್ಬೇಕು ಅಂತಿದ್ದೆ."

ಮುಗುರೆ ಒಂದೊಂದೇ ಮಾತ್ರೆಯನ್ನು ಪಟ್ಟಿಯಿಂದ ಒತ್ತಿ ತೆಗೆದು, ಅವನು ನೋಡುತ್ತಿದ್ದ ಹಾಗೆಯೇ, ನೀರಿಗೆ ಹಾಕಿದಳು. ಹಾಕಿ ಮುಗಿಸಿ ಖಾಲಿ ಪಟ್ಟಿಯನ್ನು ಅವನು ಚಾಚಿದ್ದ ಕೈಯಲ್ಲಿ ಇಟ್ಟಳು.

"ನಿಮ್ಮಪ್ಪ ಒಳಗೆ ಬಂದು ಮೂರು ವರ್ಷ ಆಯ್ತಂತೆ," ಎಂದಳು. "ಬಾಗಿಲಲ್ಲಿ ನಿಂತಿದ್ದೋಳು ನಾನೊಬ್ಳೇ."