ಮೂರನೇ ಮಹಡಿಯ ಸೈರನ್

ಹಿಂದೂಪುರದ ಆ ಹಳೇ ಅಪಾರ್ಟ್‌ಮೆಂಟಿನ ಬೆಂಕಿ ಗಂಟೆ ಹೊಡೆದದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ನಿಯಮದಂತೆ ಹೊಸದು ಹಾಕಿಸಿ ಎಂದು ನೋಟಿಸ್ ಬಂದ ಮೇಲೆ ಕಲ್ಯಾಣದುರ್ಗದ ಎಲೆಕ್ಟ್ರಿಷಿಯನ್ ಧರ್ಮೇಂದ್ರ ಮಹಡಿ ಮಹಡಿಗೂ ಹೊಗೆ ಪತ್ತೆಹಚ್ಚುವ ಡಬ್ಬಿ, ಸೈರನ್ ಕೂರಿಸಿದ. ಭಾನುವಾರ ಬೆಳಿಗ್ಗೆ ಪರೀಕ್ಷೆ. ಸೈರನ್ ಕೂಗಿದ ಕೂಡಲೇ ಎಲ್ಲರೂ ಇಳಿದು ಗೇಟಿನ ಬಳಿ ಸೇರಬೇಕೆಂದು ಮನೆಮನೆಗೂ ಹೇಳಿಬಂದವಳು ಮೂರನೇ ಮಹಡಿಯ ಕಲ್ಪನಾ.

ಮರುದಿನದಿಂದ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಸೇರುವವಳಿದ್ದಳು. ಗಂಡನಿಗೆ ಕೊಡಿಕೊಂಡದಲ್ಲಿ ಅಂಗಡಿ, ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ನಾಲ್ಕು ವರ್ಷದ ಮಗಳು ಮೀನಾಳನ್ನು ನೋಡಿಕೊಳ್ಳಬೇಕಾದವರು ಮಾವ ಜಯರಾಮಪ್ಪ.

ಜಯರಾಮಪ್ಪ ಮೀಸೆ ಮೂಡುವ ಮುಂಚಿನಿಂದಲೂ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಕಡೆ ಕೂಗಿ ಫಲವಿಲ್ಲ, ಎದುರು ನಿಂತು ತುಟಿ ಆಡಿಸಬೇಕು. ಆ ರೂಢಿ ಮನೆಗೂ ಬಂದಿತ್ತು. ಮುಖ ನೋಡದೆ ಮಾತಾಡಿದರೆ ಅವರಿಗೆ ಸಿಟ್ಟು. ಕಲ್ಪನಾಳ ತವರೂ ಮಗ್ಗದ್ದೇ. ಮುಖ ನೋಡಿ ಮಾತಾಡುವುದು ಹಿರಿಯರಿಗೆ ಕೊಡುವ ಮರ್ಯಾದೆ ಎಂದೇ ಅವಳು ತಿಳಿದಿದ್ದಳು.

"ಗಂಟೆ ಹೊಡೆದೇಟ್ಗೆ ಮಗೂನ ಎತ್ಕೊಂಡು ಬತ್ತೀನಿ. ನೀ ಯೋಚ್ನೆ ಮಾಡಬ್ಯಾಡ ಕಣಮ್ಮ," ಎಂದಿದ್ದರು ಬೆಳಿಗ್ಗೆ.

ಸೈರನ್ ಕೂಗಿತು. ಬಾಗಿಲುಗಳು ತೆರೆದವು, ಜನ ಕಿವಿ ಮುಚ್ಚಿಕೊಂಡು ಇಳಿದರು.

"ಏನ್ಲಾ ಧರ್ಮೇಂದ್ರ, ಬೆಂಕಿಗಿಂತ ಮುಂಚೆ ನಿನ್ನ ಸೈರನ್ನೇ ನನ್ನ ಜೀವ ತಗಂಡ್ಬುಡ್ತೈತಲ್ಲೋ," ಎಂದರು ಕೆಳಗಿನ ಮನೆಯ ವೀರಭದ್ರಮ್ಮ.

"ಮಲಗಿದ್ದೋರೂ ಎದ್ದು ಓಡ್ಬೇಕಲ್ಲವ್ವಾ. ಜೋಗುಳ ಹಾಡೋ ಸೈರನ್ ಇನ್ನಾ ಬಂದಿಲ್ಲ," ಎಂದ ಧರ್ಮೇಂದ್ರ.

ಎಲ್ಲರೂ ನಕ್ಕರು. ಮಾವನ ಮಾತು ನಂಬಿ ಮೊದಲೇ ಇಳಿದು ಗೇಟಿನ ಬಳಿ ನಿಂತಿದ್ದ ಕಲ್ಪನಾಳ ಕಣ್ಣು ಮೆಟ್ಟಿಲ ಮೇಲಿತ್ತು. ಉಳಿದವರೆಲ್ಲ ಬಂದಾಗಿತ್ತು, ಮಾವ, ಮಗು ಮಾತ್ರ ಬಂದಿರಲಿಲ್ಲ.

ಅವಳು ಮೇಲಕ್ಕೆ ಓಡಿದಳು. ಬಾಗಿಲಿಗೆ ಒಳಚಿಲಕ ಹಾಕಿತ್ತು. ಪಕ್ಕದ ಗೋಡೆಯಲ್ಲೇ ಸೈರನ್ ಕಿವಿ ಹರಿಯುವಂತೆ ಅರಚುತ್ತಿತ್ತು. ಬಾಗಿಲು ಬಡಿದಳು, ಬೆಲ್ ಒತ್ತಿದಳು. ಕೊನೆಗೆ ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ನೋಡಿದಳು.

ಜಯರಾಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿ, ಹೊರಡಲು ಸಿದ್ಧರಾಗಿ ಕುರ್ಚಿಯಲ್ಲಿ ಕೂತಿದ್ದರು. ಪೇಪರಿನ ಹಾಳೆ ತಿರುವುತ್ತಿದ್ದರು. ಅವರ ಬೆನ್ನ ಹಿಂದೆ, ಮೂಲೆಯಲ್ಲಿ, ಮೀನಾ ಎರಡೂ ಕಿವಿ ಮುಚ್ಚಿಕೊಂಡು ಬಾಯ್ಬಿಟ್ಟು ಅಳುತ್ತಿದ್ದಳು.

ಕಲ್ಪನಾ ಸರಳಿನೊಳಗೆ ಕೈ ತೂರಿಸಿ ಪರದೆ ಜಗ್ಗಿದಳು. ಪರದೆ ಅಲ್ಲಾಡಿದ್ದು ಕಂಡು ಅವರು ತಲೆ ಎತ್ತಿದರು. ಆ ಸದ್ದಿನಲ್ಲಿ ಕೂಗಿ ಫಲವಿಲ್ಲವೆಂದು ಅವಳು ದನಿ ತೆಗೆಯಲಿಲ್ಲ. ಬಾಗಿಲು ತೆಗೀರಿ ಎಂದು ತುಟಿಯಷ್ಟೇ ಆಡಿತು.

"ಬಂದೆ ತಾಯಿ, ಬಂದೆ."

ಸೈರನ್ನಿನ ಅಬ್ಬರದಲ್ಲಿ ಅವಳೂ ಅವರ ತುಟಿಯನ್ನೇ ಓದಿದ್ದಳು. ತಾನು ಆಡದ ಮಾತಿಗೆ ಅವರು ಉತ್ತರ ಕೊಟ್ಟಿದ್ದಾರೆ ಎಂಬುದು ಚಿಲಕ ಸರಿಯುವಷ್ಟರಲ್ಲಿ ಹೊಳೆಯಿತು. ಮದುವೆಯಾಗಿ ಬಂದಾಗಿನಿಂದ ಇವರು ಕೇಳಿಸಿಕೊಂಡ ಮಾತೆಷ್ಟು, ನೋಡಿದ ಮಾತೆಷ್ಟು?

ಬಾಗಿಲು ತೆರೆದ ಜಯರಾಮಪ್ಪ ಸೈರನ್ನಿನ ಎದುರೇ ನಿಂತು ಕೇಳಿದರು: "ಇಷ್ಟೊತ್ತಾಯ್ತಲ್ಲಮ್ಮ, ಇನ್ನಾ ಹೊಡೀಲಿಲ್ವಾ?"

ಕಲ್ಪನಾ ಅವರ ಕೈ ಹಿಡಿದು ಅಂಗೈಯನ್ನು ಸೈರನ್ನಿನ ಮೇಲೆ ಇಟ್ಟಳು. ಮಗ್ಗದ ಚೌಕಟ್ಟು ನಡುಗುವಂತೆ ಅದು ನಡುಗುತ್ತಿತ್ತು. ಅವರ ಮುಖದ ನಗು ನಿಂತುಹೋಯಿತು.

"ಹೊಡೀತೈತಾ?"

ಹಿಂದಿರುಗಿ ಮೊಮ್ಮಗಳನ್ನು ನೋಡಿದರು. ಮೀನಾ ಇನ್ನೂ ಕಿವಿಯಿಂದ ಕೈ ತೆಗೆದಿರಲಿಲ್ಲ.

ಧರ್ಮೇಂದ್ರ ಸೈರನ್ ನಿಲ್ಲಿಸಿ ಮೇಲೆ ಬಂದ. ವಿಷಯ ತಿಳಿದು, ಅವರೆದುರು ನಿಂತು ನಿಧಾನವಾಗಿ ಹೇಳಿದ: "ಸೈರನ್ ಜೊತೆಗೆ ಮಿಂಚೋ ಲೈಟು ಬತ್ತೈತೆ ತಾತಾ, ಮನೆ ಒಳಗೇ ಹಾಕ್ತೀನಿ. ಕಲ್ಯಾಣದುರ್ಗದಾಗೆ ಹೇಳಿ ತರಿಸ್ಬೇಕು."

"ತರ್ಸಪ್ಪ," ಎಂದರು ಜಯರಾಮಪ್ಪ. ಬಗ್ಗಿ ಚಪ್ಪಲಿ ಕಳಚಿ ಗೋಡೆ ಬದಿಗೆ ಇಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಅದು ಬರೋಗಂಟ ಮಗೂನ ನನ್ನ ಕೈಗೆ ಬಿಡಬ್ಯಾಡ ಕಣಮ್ಮ."

ಕಲ್ಪನಾಳಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಆದರೆ ಆ ಮನೆಯಲ್ಲಿ ಮುಖ ಮರೆಸಿ ಉತ್ತರ ಕೊಡುವಂತಿರಲಿಲ್ಲ. ಎದುರಿಗೆ ನಿಂತು, ತುಟಿ ಬಿಡಿಸಿ ಹೇಳಿದಳು:

"ಬಿಡಲ್ಲ ಮಾವ."