ಹಣೆ ನೆಲದಲ್ಲಿದ್ದ ಹೊತ್ತು

ಅಪ್ಪ ತೀರಿಕೊಂಡಾಗ ದೋಹಾದಲ್ಲಿ ಕೆಲಸಕ್ಕಿದ್ದ ಚಾವೋಬಾನಿಗೆ ರಜೆ ಸಿಗಲಿಲ್ಲ. ಅವನು ಒಬ್ಬನೇ ಮಗ. ಇಂಫಾಲದಾಚೆಯ ಅವನ ಹಳ್ಳಿಯ ಮೈತೇಯಿಗಳಲ್ಲಿ ಹುಟ್ಟಿದರೂ ಸತ್ತರೂ ಪುಂಗ್ ಬಾರಿಸದೆ ಕ್ರಿಯೆ ಮುಗಿಯುವುದಿಲ್ಲ. ಪುಂಗ್ ಎಂದರೆ ಕೊರಳಿಗೆ ತೂಗುಹಾಕಿಕೊಂಡು ನುಡಿಸುವ ಉದ್ದನೆಯ ಮದ್ದಳೆ. ಅದರ ಮರದ ಮೈಗೆ ಸದಾ ಬಿಳಿ ಬಟ್ಟೆ ಸುತ್ತಿರಬೇಕು. ಊರಿನ ಸಾವಿಗೆಲ್ಲ ಬಾರಿಸುತ್ತಿದ್ದವರು ಅವನ ಅಪ್ಪನೇ. ಅವರದೇ ಸಾವಿಗೆ ಬೇರೆಯವರ ಮಗ ಬಂದು ಬಾರಿಸಿ ಹೋದ. ತಾಯಿಗೆ ಅದು ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ವರ್ಷದ ತಿಥಿ ಹತ್ತಿರವಾದಾಗ ಆಕೆ ಗಂಡನ ಪುಂಗನ್ನೇ ಗಲ್ಫಿಗೆ ಹೊರಟ ಊರಿನವನೊಬ್ಬನ ಕೈಯಲ್ಲಿ ದೋಹಾಕ್ಕೆ ಕಳಿಸಿದಳು. ತಿಥಿ ಶುಕ್ರವಾರ ಬೀಳುತ್ತದೆ, ಅಂದು ನಿನಗೂ ರಜೆ, ಪಕ್ಕದ ಮನೆಯ ಫೋನಿನ ಮುಂದೆ ನಾನೂ ಪುರೋಹಿತರೂ ಕೂತಿರುತ್ತೇವೆ, ನೀನು ಅಲ್ಲಿಂದ ಬಾರಿಸು ಎಂದಳು. ಪುರೋಹಿತರು ಮೊದಲು ಆಗದೆಂದು ತಲೆಯಾಡಿಸಿ, ಆಮೇಲೆ ಆಕೆಯ ಮುಖ ನೋಡಿ ಒಪ್ಪಿಕೊಂಡಿದ್ದರು. ಅವರು ಹಾಕಿದ ಷರತ್ತು ಒಂದೇ: ಅಪ್ಪನ ಪುಂಗೇ ಆಗಬೇಕು, ಶುರುಮಾಡಿದ್ದನ್ನು ನಡುವೆ ನಿಲ್ಲಿಸಬಾರದು.

ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ಡೋಲು ಬಾರಿಸಲು ಬಿಡುವವರು ಯಾರು? ಒಂದೇ ಕೋಣೆಯಲ್ಲಿ ರಾತ್ರಿ ಪಾಳಿಯವರು ಹಗಲು ಮಲಗುತ್ತಾರೆ. ಅದಕ್ಕೆ ಬಾವ ಎಂಬ ಹಿರಿಯ ಅವನನ್ನು ಅಭ್ಯಾಸಕ್ಕೆಂದು ಇಬ್ಬರೂ ದುಡಿಯುತ್ತಿದ್ದ ಎಸಿ ಡಕ್ಟ್ ಮಾಡುವ ವರ್ಕ್‌ಶಾಪಿನ ಸ್ಟೋರಿನೊಳಕ್ಕೆ ಕರೆದುಕೊಂಡ. ಬಾವ ಎಂಬುದು ನೆಂಟಸ್ತಿಕೆಯಲ್ಲ, ಅವನ ಹೆಸರೇ, ಊರಿನ ಕಡೆಯವರಿಗೆ ಬಾವಾಕ; ಸ್ಟೋರ್‌ಕೀಪರ್, ಉಳ್ಳಾಲದ ಕಡೆಯವ, ಮಾತು ಕಡಿಮೆ. ಬೆಲ್ಲದ ಕಾಫಿ ಹೇಗಿತ್ತು ಎಂದು ಕೇಳಿದರೂ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುವವ. ಸುಳ್ಳು ಆಡಿದ ನಾಲಗೆಯಲ್ಲಿ ಓದಿದ್ದು ಮೇಲಕ್ಕೆ ಹೋಗುವುದಿಲ್ಲ ಎಂದು ಅವನ ತಾಯಿ, ಉಮ್ಮ, ಹೇಳಿಕೊಟ್ಟಿದ್ದರು. ಆ ಉಮ್ಮ ಪ್ರತಿ ಗುರುವಾರ ಮುಸ್ಸಂಜೆಯ ಮಗ್ರಿಬ್ ನಮಾಜಿನ ನಂತರ ದೀಪ ಹಚ್ಚಿ, ಸಂತರನ್ನು ಕೊಂಡಾಡುವ ಮಾಲೆ ಹಾಡು ಓದುತ್ತಿದ್ದರು. ನಡುವೆ ಯಾರಾದರೂ ಬಾಯಿ ಹಾಕಿದರೆ ಸಿಟ್ಟಾಗುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಓದುತ್ತಿದ್ದರು. ಚಾವೋಬಾ ಪುಂಗಿಗೆ ಕೈಮುಗಿದು, ಕಣ್ಣು ಮುಚ್ಚಿ ಮೊದಲ ಪೆಟ್ಟು ಕೊಟ್ಟಾಗ ಗೋಡೆಗೆ ಒರಗಿಸಿದ್ದ ತಗಡಿನ ಶೀಟುಗಳೆಲ್ಲ ಸಣ್ಣಗೆ ಗುನುಗಿದವು. ಬಾವ ಚಪ್ಪಲಿ ಬಿಚ್ಚಿ ಬಾಗಿಲಾಚೆ ಇಟ್ಟು ಬಂದು ಕೂತ. ಇದು ಆಟವಲ್ಲ, ಓದು ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಆದರೆ ಸ್ಟೋರಿನಲ್ಲಿ ಫೋನ್ ಇರಲಿಲ್ಲ. ಹೊರದೇಶಕ್ಕೆ ಲೈನಿದ್ದ ಫೋನೂ ದೊಡ್ಡ ಕೋಣೆಯೂ ಒಟ್ಟಿಗೆ ಇದ್ದದ್ದು ದೋಹಾ ಅಲ್ ಜದೀದಾದ ಅಂಗಡಿಗಳ ಮಾಳಿಗೆಯಲ್ಲಿ, ಕರಾವಳಿ ಕೂಟದವರ ಹಾಲಿನಲ್ಲಿ. ಕೂಟದ ಸಾಂಸ್ಕೃತಿಕ ಕಾರ್ಯದರ್ಶಿ ಲೀಲಾಕ್ಷಿಯನ್ನು ಬಾವ ಹೋಗಿ ಕೇಳಿದ.

"ಹಾಲ್ ಎಂತ ದೊಡ್ಡ ಸಂಗತಿ ಬಾವಾಕ, ಕೊಡುವ. ಫೋನೂ ಮಾಡ್ಲಿ ಪಾಪ," ಎಂದಳು ಲೀಲಾಕ್ಷಿ. "ಆದ್ರೆ ನನಗೊಂದು ಉಪಕಾರ ಆಗ್ಬೇಕಲ್ಲ. ಸ್ವಾತಂತ್ರ್ಯದ ಐವತ್ತನೇ ವರ್ಷ ಅಂತ ಗುರುವಾರ ಪ್ರೋಗ್ರಾಂ ಉಂಟು. ಎಲ್ಲ ಸ್ಟೇಟಿನ ಐಟಮ್ ಸಿಕ್ಕಿತು, ಆ ಮೂಲೆಯದ್ದು ಒಂದು ಇಲ್ಲ. ಯುರೋಪಿನಿಂದ ಮ್ಯೂಸಿಯಮಿನ ಡೈರೆಕ್ಟರಮ್ಮ ಬರ್ತಾರೆ ಬೇರೆ. ನಿಮ್ಮ ಈ ನೇಪಾಳಿ ಹತ್ತು ನಿಮಿಷ ಹೊಡೀಲಿ."

"ನೇಪಾಳಿ ಅಲ್ಲ ಲೀಲಕ್ಕ. ಮಣಿಪುರದವ."

"ಹಾಂ, ಅದೇ. ತಲೆಗೆ ಗರಿ ಗಿರಿ ಕಟ್ಟಿಕೊಳ್ತಾನಾ?"

ಗರಿ ಇಲ್ಲ, ಬಿಳಿ ಧೋತಿ, ಬಿಳಿ ಪೇಟ ಎಂದಾಗ ಅವಳಿಗೆ ಸ್ವಲ್ಪ ನಿರಾಸೆಯಾಯಿತು. "ಸಾವಿನ ಮನೆಯ ಹಾಗೆ ಕಾಣುದಿಲ್ವಾ? ಹೋಗ್ಲಿ, ಲೈಟ್ ಕೆಂಪು ಹಾಕುವ," ಎಂದಳು.

ಚಾವೋಬಾ ತುಂಬ ಯೋಚಿಸಿದ. ತಿಥಿಗೆ ಬಂದ ಪುಂಗನ್ನು ವೇದಿಕೆಗೆ ಒಯ್ಯುವುದೋ ಬೇಡವೋ? ಕೊನೆಗೆ, "ಅಪ್ಪ ಯಾರು ಕರೆದರೂ ಹೋಗುತ್ತಿದ್ದರು. ಬಾರಿಸಿದ್ದು ಯಾವತ್ತೂ ದೇವರಿಗೇ," ಎಂದು ಹಿಂದಿಯಲ್ಲಿ ಹೇಳಿ ಒಪ್ಪಿಕೊಂಡ.

ಗುರುವಾರ ಸಂಜೆ ಹಾಲ್ ಜನರಿಂದ ತುಂಬಿತ್ತು. ಲೀಲಾಕ್ಷಿಯ ಮಗಳು ಅಕ್ಷಯಾ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿ, ಕೊನೆಗೆ ಕನ್ನಡದಲ್ಲಿ "ಈಗ ಮಣಿಪುರಿ ಡ್ರಮ್ ಇದೆ" ಎಂದಳು. ಮುಂದಿನ ಸಾಲಿನ ಮಕ್ಕಳು ಅವನ ಕಣ್ಣನ್ನು ಅನುಕರಿಸಲು ಬೆರಳಿಂದ ತಮ್ಮ ಕಣ್ಣೆಳೆದುಕೊಂಡು ನಕ್ಕವು. ಚಾವೋಬಾ ಪುಂಗಿಗೆ ಕೈಮುಗಿದು ಶುರುಮಾಡಿದ. ಬರುತ್ತ ಬರುತ್ತ ಅವನು ಪುಂಗಿನ ಜೊತೆಗೇ ತಿರುಗಿದ, ಹಾರಿದ, ನೆಲಕ್ಕೆ ಬಾಗಿ ಎದ್ದ. ಕೆಂಪು ಬೆಳಕಿನಲ್ಲಿ ಬಿಳಿ ಬಟ್ಟೆ ತಿರುಗುತ್ತಿತ್ತು. ಮಕ್ಕಳು ನಗು ನಿಲ್ಲಿಸಿದವು. ಮ್ಯೂಸಿಯಮಿನ ಮಿಸೆಸ್ ಹಾರ್ಟ್‌ಮನ್ ಎದ್ದು ನಿಂತಳು. ಆಕೆಯ ಕೆನ್ನೆ ಒದ್ದೆಯಾಗಿತ್ತು. ಅಷ್ಟರಲ್ಲಿ ಇಶಾ ಬಾಂಗ್ ಕೇಳಿ ಬಾವ ಕೆಳಗಿನ ಮಸೀದಿಗೆ ಇಳಿದುಹೋದ.

ನಮಾಜು ಮುಗಿಸಿ ಅವನು ಮೆಟ್ಟಿಲು ಹತ್ತುವಾಗ ಮೇಲೆ ಚಪ್ಪಾಳೆ ನಿಂತಿರಲಿಲ್ಲ. ಮಿಸೆಸ್ ಹಾರ್ಟ್‌ಮನ್ ಹೂಗುಚ್ಛದಂತೆ ಏನನ್ನೋ ಅವಚಿಕೊಂಡು ಕಾರಿನ ಕಡೆಗೆ ಹೋಗುತ್ತಿದ್ದಳು. ವೇದಿಕೆಯ ಮೇಲೆ ಚಾವೋಬಾ ಮೊಣಕಾಲೂರಿ, ಎರಡೂ ಕೈಗಳಿಂದ ತನ್ನ ಮುಂದಿನ ಖಾಲಿ ನೆಲವನ್ನು ಸವರುತ್ತಿದ್ದ.

ಆದದ್ದೇನೆಂದು ಬಾವನಿಗೆ ಮರುದಿನ ಬೆಳಗ್ಗೆ ಟಿವಿಯಲ್ಲಿ ಕಾಣಿಸಿತು. ಪುಂಗ್ ವಾಪಸ್ ಕೇಳಲೆಂದು ಇಬ್ಬರೂ ಪಿಕಪ್ಪಿನಲ್ಲಿ ಐನ್ ಖಾಲಿದ್ ಬಡಾವಣೆಯ ಲೀಲಾಕ್ಷಿಯ ಮನೆಗೆ ಹೋಗಿದ್ದರು. ಅವಳು ಬಾಗಿಲಲ್ಲೇ ಸಂಭ್ರಮದಿಂದ ಬರಮಾಡಿಕೊಂಡು, ನೀರುದೋಸೆ ಹಾಕಿಸಿ, ವಿಡಿಯೋ ಕ್ಯಾಸೆಟ್ ಹಾಕಿದಳು.

ಮಿಸೆಸ್ ಹಾರ್ಟ್‌ಮನ್ ವೇದಿಕೆ ಹತ್ತಿ ಪುಂಗನ್ನು ಮುಟ್ಟುತ್ತಾಳೆ. ಇಂಥದ್ದೊಂದನ್ನು ವರ್ಷಗಟ್ಟಲೆ ಹುಡುಕುತ್ತಿದ್ದೆ, ಜಗತ್ತು ಇದನ್ನು ನೋಡಬೇಕು ಎನ್ನುತ್ತಾಳೆ. ಲೀಲಾಕ್ಷಿ ಎದೆಯ ಮೇಲೆ ಕೈಯಿಟ್ಟು "ತಫದ್ದಲ್" ಎನ್ನುತ್ತಾಳೆ, ತೆಗೆದುಕೊಳ್ಳಿ ಎಂದು.

"ಇಲ್ಲಿ ಅರಬಿಗಳಲ್ಲಿ ಹಾಗೆ ಅಲ್ವಾ ಬಾವಾಕ? ಅತಿಥಿ ಚಂದ ಉಂಟು ಅಂದ್ರೆ ಕೊಟ್ಟುಬಿಡ್ಬೇಕು. ಇಷ್ಟು ವರ್ಷ ಈ ದೇಶದ ಅನ್ನ ತಿಂದು ಅಷ್ಟೂ ಕಲೀದಿದ್ರೆ ಹೇಗೆ?"

"ನಿಮ್ಮದಾದ್ರೆ ಕೊಡ್ಲಿಕ್ಕಾಗ್ತದೆ ಲೀಲಕ್ಕ."

"ಅವಸರ ಮಾಡ್ಬೇಡಿ, ನೋಡಿ. ಅವನೇ ಕೊಟ್ಟದ್ದು."

ಟಿವಿಯಲ್ಲಿ ಲೀಲಾಕ್ಷಿ ಪುಂಗಿನ ಮೇಲೆ ಜರಿಶಾಲು ಹೊದಿಸಿದಳು. ಚಾವೋಬಾನ ಮುಖ ಅರಳಿತು. ಅವನು ಪುಂಗನ್ನು ಕೊರಳಿಂದ ಇಳಿಸಿ, ಮೆಲ್ಲಗೆ ಮುಂದಿಟ್ಟು, ಉದ್ದಕ್ಕೆ ಮಲಗಿ ಹಣೆಯನ್ನು ನೆಲಕ್ಕೆ ಹಚ್ಚಿದ. ಅವನ ಹಣೆ ನೆಲದಲ್ಲಿದ್ದ ಹೊತ್ತಿನಲ್ಲೇ ಇಬ್ಬರು ವಾಲಂಟಿಯರುಗಳು ಪುಂಗನ್ನೆತ್ತಿ ಮಿಸೆಸ್ ಹಾರ್ಟ್‌ಮನ್ನಳ ತೋಳಿಗೆ ಕೊಟ್ಟರು. ಚಪ್ಪಾಳೆ ಬಿತ್ತು. ಅವನು ತಲೆಯೆತ್ತಲಿಲ್ಲ. ಚಪ್ಪಾಳೆ ಪುಂಗಿಗೆಂದು ತಿಳಿದು ಇನ್ನಷ್ಟು ಹೊತ್ತು ಹಾಗೆಯೇ ಇದ್ದ.

"ಸಾಷ್ಟಾಂಗ ಹಾಕಿ ಕೊಟ್ಟಿದ್ದಾನೆ! ನಾನು ಸುಳ್ಳು ಹೇಳುದಾ? ಕ್ಯಾಮೆರಾ ಸುಳ್ಳು ಹೇಳ್ತದಾ?" ಲೀಲಾಕ್ಷಿ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ತೋರಿಸಿದಳು. ಚಾವೋಬಾ ಎದ್ದ, ಮಲಗಿದ. ಪುಂಗ್ ಮತ್ತೊಮ್ಮೆ ಹೋಯಿತು.

ಚಾವೋಬಾ ದೋಸೆಯನ್ನು ಮುಟ್ಟಿರಲಿಲ್ಲ. ಅವನು ಹಿಂದಿಯಲ್ಲಿ, ತಡೆದು ತಡೆದು ಹೇಳಿದ: ತಮ್ಮಲ್ಲಿ ಯಜಮಾನರು ಪುಂಗಿಗೆ ಬಟ್ಟೆ ಹೊದಿಸಿ ಗೌರವಿಸಿದರೆ ಬಾರಿಸಿದವನು ನೆಲಕ್ಕೆ ಬೀಳಬೇಕು. ಕೇಳಿದವರು ಅತ್ತರೆ ದೇವರು ಬಂದ ಹಾಗೆ. ಆ ಮೇಡಂ ಅತ್ತಳು. ನೀವು ಬಟ್ಟೆ ಹೊದಿಸಿದಿರಿ. ಊರಿನಲ್ಲೇ ಇದ್ದೇನೆ ಅನ್ನಿಸಿತು.

"ಅದೆಲ್ಲ ನಮಗೆ ಹೇಗೆ ಗೊತ್ತಾಗ್ಬೇಕು ಮಾರಾಯ? ಸನ್ಮಾನದ ಶಾಲಲ್ವಾ ಅದು? ನಾವು ಗಿಫ್ಟಿಗೆ ಸುತ್ತಿದ್ದು."

"ಮಮ್ಮಿ, ಅವ್ರು ಕ್ರೈ ಮಾಡ್ತಿದ್ದಾರಾ?" ಎಂದಳು ಅಕ್ಷಯಾ.

"ಇಲ್ಲ ಮಗಾ, ಅವರ ಕಣ್ಣೇ ಹಾಗೆ."

ಬಾವ ಲೋಟ ಕೆಳಗಿಟ್ಟ. "ಲೀಲಕ್ಕ, ಆ ಅಮ್ಮ ಯಾವ ಹೋಟ್ಲಲ್ಲಿದ್ದಾರೆ? ನಾನೇ ಹೋಗಿ ಕಾಲು ಹಿಡಿದು ಕೇಳ್ತೇನೆ. ಮಧ್ಯಾಹ್ನ ಇವನ ಅಪ್ಪನ ತಿಥಿ. ಅಲ್ಲಿ ತಾಯಿ ಫೋನಿನ ಹತ್ರ ಕೂತಿರ್ತಾರೆ."

"ಖಲಾಸ್ ಬಾವಾಕ, ಬೆಳಗ್ಗಿನ ಫ್ಲೈಟಿಗೆ ಹೋಗಿ ಆಯ್ತು. ಇದ್ದಿದ್ರೂ ಕೇಳ್ಲಿಕ್ಕೆ ಬಿಡ್ತಿರ್ಲಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುದಾ? ಕೂಟದ ಮರ್ಯಾದೆ ಎಂತ ಆಗ್ಬೇಕು, ಇಂಡಿಯಾದ ಮರ್ಯಾದೆ ಎಂತ ಆಗ್ಬೇಕು?" ಅವಳು ಚಾವೋಬಾನ ಕಡೆ ತಿರುಗಿ, ನಿಜವಾದ ಪ್ರೀತಿಯಿಂದಲೇ ಹಿಂದಿಯಲ್ಲಿ ಸಮಾಧಾನ ಹೇಳಿದಳು. "ಅಳುವಂಥದ್ದು ಎಂತ ಆಗಿದೆ? ಕ್ಯಾಂಪಿನಲ್ಲಿ ಮಂಚದ ಅಡಿ ಬಿದ್ದಿದ್ದ ಡೋಲು. ಈಗ ಗಾಜಿನ ಪೆಟ್ಟಿಗೆ, ಎಸಿ, ಕೆಳಗೆ ಬೋರ್ಡು. ಇಡೀ ಪ್ರಪಂಚ ಟಿಕೆಟ್ ತಗೊಂಡು ಬಂದು ನೋಡುತ್ತದೆ. ನಿನ್ನ ಅಪ್ಪನಿಗೆ ಇದಕ್ಕಿಂತ ದೊಡ್ಡ ತಿಥಿ ಯಾವುದು?"

ಚಾವೋಬಾ ಒಂದೇ ಮಾತು ಕೇಳಿದ. "ಅದರ ಮೈಮೇಲಿನ ಬಟ್ಟೆ ತೆಗೆಯಬೇಡಿ ಎಂದಾದರೂ ಅವರಿಗೆ ತಿಳಿಸುತ್ತೀರಾ?"

"ಅಯ್ಯೋ, ಒಳ್ಳೇದು ನೆನಪು ಮಾಡಿದೆ!" ಲೀಲಾಕ್ಷಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು. "ಮರದ ಕೆತ್ತನೆ ಕಾಣ್ಬೇಕಂತೆ, ಬಟ್ಟೆ ಬೇಡ ಅಂತ ಕಾರಿನ ಹತ್ರವೇ ಬಿಚ್ಚಿಕೊಟ್ಟು ಹೋದ್ರು. ರಾತ್ರಿಯೇ ಒಗೆಸಿ ಇಸ್ತ್ರಿ ಮಾಡ್ಸಿದ್ದೇನೆ ನೋಡು."

ಒಳಗೆ ಬಿಳಿ ಬಟ್ಟೆ ನಾಲ್ಕು ಮಡಿಕೆಯಾಗಿ ಕೂತಿತ್ತು. ಅಪ್ಪನ ಕೈಬೆವರಿನ ಹಳದಿ ಗುರುತು ಅದರಲ್ಲಿ ಉಳಿದಿರಲಿಲ್ಲ.

ಹಾಲಿನ ಕೀಲಿಯನ್ನು ಅವಳು ತಪ್ಪದೆ ಕೊಟ್ಟಳು. "ಮಾತು ಅಂದ್ರೆ ಮಾತು. ಭಜನೆಯ ಢೋಲಕ್ ಅಲ್ಲೇ ಉಂಟು, ಬೇಕಾದ್ರೆ ಅದನ್ನೇ ಹೊಡೀಲಿ. ಆದ್ರೆ ಬೇಗ ಮುಗಿಸಿ ಬಾವಾಕ, ತಂಬೋಲ ಆಟ ಉಂಟು, ಜನ ಬರ್ತಾರೆ."

ಜುಮಾ ನಮಾಜು ಮುಗಿಸಿ ಬಾವ ಹಾಲಿಗೆ ಬಂದಾಗ ಚಾವೋಬಾ ಮಿಂದು, ಬಿಳಿ ಧೋತಿಯುಟ್ಟು, ಪೇಟ ಕಟ್ಟಿ ನಿಂತಿದ್ದ. ಢೋಲಕ್ಕಿಗೆ ಅವನು ಕೈಮುಗಿದ, ಆದರೆ ಮುಟ್ಟಲಿಲ್ಲ. ಫೋನಿನ ಪಕ್ಕದ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆಯನ್ನು ಹಾಸಿದ. ಬಾವ ನಂಬರು ತಿರುಗಿಸಿದ. ಎಷ್ಟೋ ಸಲ ತಪ್ಪಿ, ಕೊನೆಗೆ ಸಿಕ್ಕಿತು. ದೂರದಲ್ಲಿ ಶಂಖದ ಶಬ್ದ, ಹೆಂಗಸರ ಗುಜುಗುಜು, ಆಮೇಲೆ ಮಗನನ್ನು ಕರೆಯುವ ಒಂದು ಮುದಿ ದನಿ: "ಇಬುಂಗೋ?"

ಚಾವೋಬಾ "ಇಮಾ" ಎಂದ. ಅಮ್ಮ ಎಂದು. ಅಷ್ಟನ್ನೇ ಹೇಳಿ ರಿಸೀವರನ್ನು ಬಾವನ ಕೈಗೆ ಕೊಟ್ಟು, ತನ್ನ ಬಾಯಿಯ ಕಡೆಗೆ ಹಿಡಿಯುವಂತೆ ಸನ್ನೆ ಮಾಡಿದ. ಬಟ್ಟೆಯ ಮೇಲೆ ಎರಡೂ ಅಂಗೈಯಿಟ್ಟು, ಕಣ್ಣು ಮುಚ್ಚಿ, ಪುಂಗಿನ ಪೆಟ್ಟುಗಳನ್ನು ಬಾಯಲ್ಲಿ ಹೇಳತೊಡಗಿದ. ತೆನ್ ತಾ, ಘಿನ್, ತೆನ್ ತಾ. ಅಪ್ಪ ಮಗನಿಗೆ ಮೊದಲು ಕಲಿಸುವುದು ಬಾಯಿಯಲ್ಲೇ. ಬಾವನಿಗೆ ಉಮ್ಮನ ಗುರುವಾರಗಳು ನೆನಪಾದವು. ಅರ್ಥ ಗೊತ್ತಿಲ್ಲದ ಆ ಅಕ್ಷರಗಳು ಒಂದರ ಬೆನ್ನಿಗೊಂದು ಬರುತ್ತಿದ್ದ ರೀತಿಗೆ ಅವನ ಮೈ ತಾನಾಗಿ ತೂಗಿತು.

ಸ್ವಲ್ಪ ಹೊತ್ತಿಗೆ ಅತ್ತಲಿಂದ ಏನೋ ಕೇಳಿಸಿತೆಂದು ಬಾವ ರಿಸೀವರನ್ನು ಕಿವಿಗಿಟ್ಟ. ಹೆಂಗಸರ ಗುಜುಗುಜು ನಿಂತಿತ್ತು. ಮುದಿ ದನಿ ಏನನ್ನೋ ಕೇಳುತ್ತಿತ್ತು, ಕೇಳಿದ್ದನ್ನೇ ಕೇಳುತ್ತಿತ್ತು. ಈ ತುದಿಯಲ್ಲಿ ಬೇರೆ ಯಾರೋ ಇದ್ದಾರೆಂದು ತಿಳಿದು ಒಬ್ಬ ಗಂಡಸು ಅದನ್ನು ಹಿಂದಿಯಲ್ಲಿ ಹೇಳಿದ: "ಪುಂಗ್ ಎಲ್ಲಿ ಅಂತ ಕೇಳ್ತಿದ್ದಾಳೆ. ಗಂಡನ ಪುಂಗ್ ಎಲ್ಲಿ?"

ಬಾವ ಬಾಯಿ ತೆರೆದ. ಓದಿನ ನಡುವೆ ಮಾತಾಡುವಂತಿರಲಿಲ್ಲ. ಚಾವೋಬಾ ಕಣ್ಣು ಮುಚ್ಚಿ ಹೇಳುತ್ತಲೇ ಇದ್ದ. ಅತ್ತ ಮುದುಕಿ ಒಮ್ಮೆ ಕೂಗಿದಳು, ಅಳುವಲ್ಲ, ಯಾರನ್ನೋ ಬೈದ ಹಾಗೆ. ಫೋನ್ ಇಟ್ಟ ಶಬ್ದವಾಯಿತು. ಆಮೇಲೆ ಬರೀ ಗುಂಯ್ ಎನ್ನುವ ಲೈನು.

ಅದು ಕೇಳಿಸದ ಹಾಗೆ ಬಾವ ರಿಸೀವರನ್ನು ತನ್ನ ಎದೆಗೆ ಒತ್ತಿಹಿಡಿದು ನಿಂತ. ಮೆಟ್ಟಿಲಲ್ಲಿ ತಂಬೋಲದ ಜನ ಹತ್ತಿ ಬರುವ ಸದ್ದಾಯಿತು. ಲೀಲಾಕ್ಷಿ ಬಾಗಿಲಲ್ಲಿ ಇಣುಕಿದಳು. "ಎಂತ ಬಾವಾಕ, ಮೇಜು ಕುಟ್ಟುದಾ ಇವ?" ಯಾರೋ ನಕ್ಕರು. ಕುರ್ಚಿಗಳನ್ನು ಎಳೆದು ಹಾಕತೊಡಗಿದರು. ಚಾವೋಬಾ ನಿಲ್ಲಿಸಲಿಲ್ಲ. ಕುರ್ಚಿಗಳ ಕರಕರದ ನಡುವೆ ದನಿಯೇರಿಸಿ, ಬೆವರು ಸುರಿಸುತ್ತ, ಒಂದಕ್ಷರವನ್ನೂ ಬಿಡದೆ ಕೊನೆಯವರೆಗೆ ಹೇಳಿ, ನೆಲಕ್ಕೆ ಬಿದ್ದು ಹಣೆ ಹಚ್ಚಿದ.

ಈ ಸಲ ಬೇಗ ತಲೆಯೆತ್ತಿದ. ಮೊದಲು ಮೇಜಿನ ಮೇಲಿನ ಬಟ್ಟೆಯನ್ನು ನೋಡಿದ. ಅದು ಅಲ್ಲೇ ಇತ್ತು. ಆಮೇಲೆ ಬಾವನ ಮುಖ ನೋಡಿದ. ಅವನ ಕಣ್ಣು ಬಾವನಿಂದ ಒಂದು ಸುಳ್ಳನ್ನು ಬೇಡುತ್ತಿತ್ತೆಂದು ಯಾರಿಗಾದರೂ ತಿಳಿಯುತ್ತಿತ್ತು.

"ಅಮ್ಮ ಏನಂದರು ಬಾವಾ ಭಾಯ್?"

ಬಾವ ರಿಸೀವರನ್ನು ಅದರ ಜಾಗದಲ್ಲಿಟ್ಟ. ಅರವತ್ತು ದಾಟಿದ ಆ ನಾಲಗೆಗೆ ನಿಜ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ.

"ಪುಂಗ್ ಎಲ್ಲಿ ಅಂದರು," ಎಂದ. "ಆಮೇಲೆ ಇಟ್ಟುಬಿಟ್ಟರು."